ಮೂವತ್ತಾರು ಕಪ್ಪೆಗಳನ್ನು ಎಣಿಸಿ ಬಿಟ್ಟವರು

ಅವರ ಮುಖಕ್ಕಿಂತ ಕತ್ತಿನ ಹಿಂಭಾಗ ಕಪ್ಪಗಿತ್ತು. ಬಿಸಿಲು ಮಿಕ್ಕವರಿಗೆಲ್ಲ ಹಣೆಯ ಮೇಲೆ, ಮೂಗಿನ ಮೇಲೆ ಬೀಳುತ್ತದೆ. ನಮ್ಮ ಲ್ಯಾಬ್ ಅಟೆಂಡರಿಗೆ ಮಾತ್ರ ಕತ್ತಿನ ಮೇಲೆ ಬೀಳುತ್ತಿತ್ತು. ನಡೆಯುವಾಗ ನೆಲ ಬಿಟ್ಟು ಬೇರೆ ಕಡೆ ನೋಡಿದವರಲ್ಲ. ಮೂರು ನಾಲ್ಕು ಮೊಳದಷ್ಟು ನೆಲವನ್ನು ಮೊದಲು ಕಣ್ಣಿನಲ್ಲಿ ಗುಡಿಸಿಕೊಂಡು ಆಮೇಲೆ ಹೆಜ್ಜೆ ಇಡುವರು. ಇರುವೆ ಸಾಲು ಅಡ್ಡ ಬಂದರೆ, ಗೂಡ್ಸ್ ಗಾಡಿ ಹೋಗಲಿ ಅಂತ ತಿಪಟೂರಿನ ರೈಲ್ವೆ ಗೇಟಿನಲ್ಲಿ ನಿಂತವರ ಹಾಗೆ ನಿಂತುಬಿಡುವರು. ಪ್ರಿನ್ಸಿಪಾಲರು ಬೆಲ್ ಒತ್ತಿ ಕರೆದರೂ ಅಷ್ಟೆ.

"ಎಲ್ಲಿ ಸತ್ತಿದ್ಯಪ್ಪ ಇಷ್ಟೊತ್ತು?" ಎಂದು ಪ್ರಿನ್ಸಿಪಾಲರು ಗದರುವರು.

"ಸಾಯ್ಲಿಲ್ಲ ಸಾರ್. ಯಾರ್ನೂ ಸಾಯ್ಸ್ಲೂ ಇಲ್ಲ. ಅದ್ಕೇ ಲೇಟು."

ಹಲ್ಲು ಕಾಣದ ಹಾಗೆ ನಗುವ ಮನುಷ್ಯ. ಹೇಳಿದ್ದು ತಮಾಷೆಯೋ ನಿಜವೋ ಎಂದು ಎದುರಿನವರು ಯೋಚಿಸುತ್ತಿರುವಾಗಲೇ ಅವರು ನೀರಿನ ಲೋಟ ಮೇಜಿನ ಮೇಲಿಟ್ಟು ಹೊರಟುಹೋಗಿರುತ್ತಿದ್ದರು.

ನಾನು ಎಪ್ಪತ್ತರ ದಶಕದ ಕೊನೆಯಲ್ಲಿ ತುರುವೇಕೆರೆ ಸೀಮೆಯ ಒಂದು ಜೂನಿಯರ್ ಕಾಲೇಜಿಗೆ ಬಯಾಲಜಿ ಲೆಕ್ಚರರ್ ಆಗಿ ಬಂದೆ. ಕಾಲೇಜಿನ ಹೆಸರು ಬೇಡ. ಆಗಿನವರ ಮಕ್ಕಳು ಮೊಮ್ಮಕ್ಕಳು ಅಲ್ಲೇ ಇದ್ದಾರೆ. ಇಪ್ಪತ್ತೈದು ವಯಸ್ಸು. ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದ್ದೆ. ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷು ಚೆನ್ನಾಗಿತ್ತು, ಮನೆಯಲ್ಲಿ ಕಲಿತ ಕನ್ನಡ ಅಷ್ಟಕ್ಕಷ್ಟೆ. "ಟೇಕ್ ಯುವರ್ ಸೀಟ್ಸ್" ಎಂದರೆ ಹುಡುಗರು ಸೀಟು ಎತ್ತಿಕೊಂಡು ಎಲ್ಲಿಗೆ ಹೋಗಬೇಕು ಎಂದು ಕೇಳುವರು. ನಾನು ಬಾಡಿಗೆಗಿದ್ದ ಕೋಣೆಯ ಅಟ್ಟದ ತುಂಬ ಮನೆಯವರ ತೆಂಗಿನಕಾಯಿ. ವರ್ಷಗಟ್ಟಲೆ ಒಣಗಿ ಕೊಬ್ಬರಿಯಾಗುವ ಕಾಯಿ. ಇಲಿ ಓಡಿದರೆ ನೆತ್ತಿಯ ಮೇಲೆ ಗುಡುಗುಡು. ಅಮ್ಮನಿಗೆ ಬರೆದ ಮೊದಲ ಕಾಗದದಲ್ಲಿ "ಐ ಆಮ್ ಲಿವಿಂಗ್ ಅಂಡರ್ ಥಂಡರ್" ಎಂದು ಬರೆದಿದ್ದೆ. ಆ ವಯಸ್ಸಿಗೆ ಅಂಥ ಮಾತು ಬಹಳ ಚೆಂದ ಕಾಣುತ್ತದೆ.

ಸೈನ್ಸ್ ಸೆಕ್ಷನ್ ಆ ವರ್ಷವೇ ಶುರುವಾಗಿತ್ತು. ಗೇಟಿನಲ್ಲಿ ಪ್ಯೂನ್ ಆಗಿದ್ದವರನ್ನು ಲ್ಯಾಬಿಗೆ ಹಾಕಿದ್ದರು. ನಲವತ್ತೈದರ ಆಸುಪಾಸು. ಸೀಮೆಯಲ್ಲಿ ಅಲ್ಲೊಂದು ಇಲ್ಲೊಂದು ಊರಿನಲ್ಲಿ ಉಳಿದಿರುವ ಜೈನರ ಮನೆಗಳ ಪೈಕಿ ಒಂದು ಮನೆಯವರು. ಊರಾಚೆ ಹದಿನೈದು ತೆಂಗಿನ ಮರ, ಒಂದು ಬಾವಿ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಹುಡುಗರು ಅವರನ್ನು ಲ್ಯಾಬಣ್ಣ ಎಂದು ಕರೆಯುತ್ತಿದ್ದರು. ನನಗೆ ಅವರು ಅಟೆಂಡರ್, ಅಷ್ಟೆ.

ಮೊದಲ ದಿನವೇ ಕೈಕಟ್ಟಿ ನಿಂತರು.

"ಮೇಡಂ, ಒಂದ್ ಮಾತು ಮೊದ್ಲೇ ಹೇಳ್ಬುಡ್ತೀನಿ. ಗ್ಲಾಸು ತೊಳೀತೀನಿ, ಟ್ರೇ ತೊಳೀತೀನಿ, ಟ್ರೇನಾಗಿರೋ ರಕ್ತ ಬೇಕಾರೂ ತೊಳೀತೀನಿ. ಕಪ್ಪೆ ಸಾಯ್ಸಲ್ಲ. ನಾವು ಜೈನ್ರು."

"ನೀವು ಸಾಯಿಸಬೇಕಾಗಿಲ್ಲ. ಕ್ಲೋರೋಫಾರ್ಮ್ ನಾನೇ ಕೊಡ್ತೀನಿ. ಡೋಂಟ್ ವರಿ."

ಅವರು ನೆಲ ನೋಡುತ್ತಲೇ ಕೇಳಿದರು. "ಆ ಬಾಟ್ಲಿ ತಂದು ನಿಮ್ ಕೈಗೆ ಕೊಡೋನು ಯಾರು?"

ನನಗೆ ನಗು ಬಂತು. ಅವರು ನಗಲಿಲ್ಲ. ಬೆರಳು ಮಡಿಸಿ ವಿವರಿಸಿದರು. ಒಂದು, ಕೈಯಾರೆ ಮಾಡುವುದು. ಎರಡು, ಇನ್ನೊಬ್ಬರ ಕೈಲಿ ಮಾಡಿಸುವುದು. ಮೂರು, ಯಾರೋ ಮಾಡುವಾಗ ಪಕ್ಕದಲ್ಲಿ ನಿಂತು ಹೂಂ ಎಂದು ತಲೆಯಾಡಿಸುವುದು. ಮೂರಕ್ಕೂ ಒಂದೇ ತೂಕ ಎಂದು ಅವರ ಬಸದಿಯ ಪುರೋಹಿತರು ಹೇಳಿಕೊಟ್ಟಿದ್ದರಂತೆ. ಕೃತ, ಕಾರಿತ, ಅನುಮೋದನ ಎಂಬ ಮೂರು ಶಬ್ದಗಳನ್ನು ನಾನು ಎಷ್ಟೋ ವರ್ಷಗಳ ಮೇಲೆ ಪುಸ್ತಕದಲ್ಲಿ ಓದಿದೆ. ಅವರ ಬಾಯಲ್ಲಿ ಅದು "ಮಾಡೋದು, ಮಾಡ್ಸೋದು, ತಲೆ ಆಡ್ಸೋದು".

"ಹಾಗಾದರೆ ಲ್ಯಾಬಿನ ಬಾಗಿಲು ತೆಗೆಯೋದೂ ಪಾಪವೇ?" ಎಂದೆ. ಕೆಣಕುವುದಕ್ಕೇ ಕೇಳಿದ್ದು.

"ಬಾಗ್ಲು ತೆಗೀತೀನಿ. ಸಂಬ್ಳ ತಗೊಳಲ್ವಾ? ಕಪ್ಪೆ ದಿನ ಆಚೆ ನಿಂತ್ಕತೀನಿ."

ಹಾಗೇ ನಡೆಯಿತು ಎರಡು ವರ್ಷ. ಡಿಸೆಕ್ಷನ್ ಇದ್ದ ದಿನ ಬಾಟಲಿಯನ್ನು ನಾನೇ ಬೀರುವಿನಿಂದ ತೆಗೆದುಕೊಳ್ಳುತ್ತಿದ್ದೆ. ಅವರು ಹಿಂದಿನ ಮೆಟ್ಟಿಲ ಮೇಲೆ, ತೆಂಗಿನ ತೋಟದ ಕಡೆ ಮುಖ ಮಾಡಿ ಕೂತಿರುವರು. ಮುಗಿದ ಮೇಲೆ ಒಳಗೆ ಬಂದು ಹುಡುಗರ ಒಂದೊಂದು ಟ್ರೇಯನ್ನೂ ತೊಳೆಯುವರು, ಮನೆಯಲ್ಲಿ ಸಾವಾದವರು ಪಾತ್ರೆ ತೊಳೆಯುವ ಹಾಗೆ, ಮಾತಿಲ್ಲದೆ. ಐ ಮಸ್ಟ್ ಅಡ್ಮಿಟ್, ಆ ಮೌನ ನನಗೆ ಸಿಟ್ಟು ತರಿಸುತ್ತಿತ್ತು. ಬಾಯಿ ಬಿಟ್ಟು ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಕಾಲೇಜಿನ ಬಾವಿಯಿಂದ ಲ್ಯಾಬಿಗೆ ನೀರು ಸೇದುವವರೂ ಅವರೇ. ಕೊಡದ ಬಾಯಿಗೆ ಎರಡು ಮಡಿಕೆ ಮಾಡಿದ ಬಿಳಿ ಬಟ್ಟೆ ಕಟ್ಟಿ ಸೋಸುವರು. ಅದರಲ್ಲಿ ಹೊಸದೇನೂ ಇರಲಿಲ್ಲ, ನಮ್ಮ ಅಜ್ಜಿಯೂ ಸೋಸುತ್ತಿದ್ದರು. ಆದರೆ ಇವರು ಸೋಸಿದ ಮೇಲೆ ಆ ಬಟ್ಟೆಯನ್ನು ಬಿಂದಿಗೆಯ ಮೇಲೆ ತಿರುವಿ ಹಾಕಿ, ಸೋಸಿದ ನೀರನ್ನೇ ಮೇಲಿಂದ ಸುರಿದು, ಬಟ್ಟೆಗೆ ಅಂಟಿದ್ದನ್ನೆಲ್ಲ ಬಿಂದಿಗೆಗೆ ಇಳಿಸಿ, ಅದನ್ನು ಹಗ್ಗದಲ್ಲಿ ಬಾವಿಯ ತಳದವರೆಗೂ ಬಿಟ್ಟು ನೀರಿನೊಳಗೆ ಮಗುಚುವರು. ಮೇಲಿಂದ ಸುರಿಯುವಂತಿಲ್ಲ, ಪೆಟ್ಟಾಗುತ್ತದೆ. ಬೇರೆ ಬಾವಿಗೂ ಹಾಕುವಂತಿಲ್ಲ. ಯಾವ ನೀರಿನ ಜೀವವೋ ಆ ನೀರಿಗೇ ಹೋಗಬೇಕು.

ಒಂದು ದಿನ ನಾನು ಆ ಬಟ್ಟೆಯಿಂದ ಒಂದು ತೊಟ್ಟು ಹಿಂಡಿ ಮೈಕ್ರೋಸ್ಕೋಪಿನ ಕೆಳಗಿಟ್ಟೆ. "ಬನ್ನಿ, ನೋಡಿ ನಿಮ್ಮ ಜೀವಗಳನ್ನ" ಎಂದೆ.

ಅವರು ಅದುವರೆಗೆ ಆ ಯಂತ್ರವನ್ನು ಒರೆಸಿದ್ದರೇ ಹೊರತು ಒಳಗೆ ಇಣುಕಿದವರಲ್ಲ. ಒಂದು ಕಣ್ಣು ಮುಚ್ಚುವುದನ್ನು ಕಲಿಸುವಷ್ಟರಲ್ಲಿ ಸಾಕಾಯಿತು. ಕೊನೆಗೆ ಕಾಣಿಸಿತು. ಬಾಲಕ್ಕೆ ಎರಡು ಮೊಟ್ಟೆಚೀಲ ನೇತುಹಾಕಿಕೊಂಡ ಸೈಕ್ಲಾಪ್ಸ್ ಎಂಬ ನೀರುಹುಳು ಒಂದು ತಡಬಡಾಯಿಸುತ್ತಿತ್ತು. ಅವರು ಉಸಿರು ಬಿಗಿಹಿಡಿದು ಬಹಳ ಹೊತ್ತು ನೋಡಿದರು.

"ಬಸುರಿ ಕಣ್ರಮ್ಮ ಈವಮ್ಮ" ಎಂದರು ಮೆಲ್ಲಗೆ.

ನಾನು ಬಿಡಲಿಲ್ಲ. "ಇದಕ್ಕಿಂತ ಚಿಕ್ಕವು ಸಾವಿರಾರು ಇವೆ. ನಿಮ್ಮ ಬಟ್ಟೆಯಲ್ಲಿ ನಿಲ್ಲಲ್ಲ. ಅವನ್ನೆಲ್ಲ ನೀವು ದಿನಾ ಕುಡೀತೀರಿ. ಆಗ ಎಲ್ಲಿ ಹೋಗುತ್ತೆ ನಿಮ್ಮ ಅಹಿಂಸೆ?"

"ಕುಡೀತೀನೇನೋ. ಆಗೋಷ್ಟು ಮಾಡೋದು ಮೇಡಂ. ಎಲ್ಲಾ ಆಗಲ್ಲ ಅಂತ ಆಗೋದ್ನೂ ಬುಟ್ಬುಡಕಾಯ್ತದಾ?"

ಆಮೇಲೆ ಆ ಸ್ಲೈಡ್ ಕೇಳಿ ತೆಗೆದುಕೊಂಡು, ಅಂಗೈಯಲ್ಲಿಟ್ಟುಕೊಂಡು ಬಾವಿಯ ಕಡೆ ನಡೆದರು. ಹುಡುಗರೆಲ್ಲ ಕಿಟಕಿಯಲ್ಲಿ ನಿಂತು ನಗುತ್ತಿದ್ದರು. ನಾನೂ ನಕ್ಕೆ. ಎಂ.ಎಸ್ಸಿ. ಮಾಡಿದ್ದೆನಲ್ಲ.

ಅವರ ಹಟ ಒಂದೆರಡಲ್ಲ. ಬೆಳ್ಳುಳ್ಳಿ, ಈರುಳ್ಳಿ, ಆಲೂಗಡ್ಡೆ ಇಲ್ಲ. ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಪ್ರಾಕ್ಟಿಕಲ್ ಆರು ಗಂಟೆಗೆ ಎಳೆದರೆ ಐದೂವರೆಗೇ ಮೆಟ್ಟಿಲ ಮೇಲೆ ಕೂತು ಅನ್ನ, ಕಾಯಿಚಟ್ನಿ ಮುಗಿಸಿ ಬರುವರು. ತನಗೆ ಇಂತಿಷ್ಟೇ ಬಟ್ಟೆ ಎಂದು ವ್ರತ ಹಿಡಿದಿದ್ದರು. ಒಂದು ಚಳಿಗಾಲ ನಾನು ಸ್ವೆಟರ್ ಹೆಣೆದು ಕೊಟ್ಟೆ. ತೆಗೆದುಕೊಂಡರು, ಹಾಕಿಕೊಳ್ಳಲಿಲ್ಲ. ಮಾರನೆಯ ದಿನ ಹಾಕಿಕೊಂಡು ಬಂದರು. ಈ ನಡುವೆ ತಮ್ಮ ಹಳೆಯ ಶಾಲನ್ನು ಬಸ್ ಸ್ಟ್ಯಾಂಡಿನ ಹಣ್ಣಿನ ಮುದುಕಿಗೆ ಕೊಟ್ಟಿದ್ದರು. ಒಂದು ಒಳಗೆ ಬರಬೇಕಾದರೆ ಒಂದು ಆಚೆ ಹೋಗಬೇಕು.

"ಇವ್ರು ನಮ್ಮನೆ ಬೇಳೆ ಡಬ್ಬದ ಹುಳಕ್ಕೂ ರೇಷನ್ ಕಾರ್ಡ್ ಮಾಡಿಸ್ಕೊಡೋರು ಕಣ್ರಮ್ಮ" ಎಂದು ಅವರ ಹೆಂಡತಿ ನನ್ನ ಹತ್ತಿರ ದೂರುತ್ತಿದ್ದರು. ದೂರಿನಲ್ಲಿ ಹೆಮ್ಮೆಯಿತ್ತು.

ಮೂರನೆಯ ವರ್ಷ ಬಂತು ಗ್ರಹಚಾರ. ಪಬ್ಲಿಕ್ ಪ್ರಾಕ್ಟಿಕಲ್ ಪರೀಕ್ಷೆಗೆ ಬರುವ ಎಕ್ಸ್‌ಟರ್ನಲ್ ಎಕ್ಸಾಮಿನರ್ ಬಹಳ ಶಿಸ್ತಿನವರೆಂದು ಮೊದಲೇ ಸುದ್ದಿ. ಲೆಕ್ಚರರ್ ಕೈಯಲ್ಲಿ ಕ್ಲೋರೋಫಾರ್ಮ್ ಹಿಡಿದು ನಿಲ್ಲುವುದೇನು, ಅದು ಅಟೆಂಡರ್ ಕೆಲಸ ಎಂದು ಯಾರೋ ಪ್ರಿನ್ಸಿಪಾಲರ ಕಿವಿಗೆ ಹಾಕಿದರು. ಪ್ರಿನ್ಸಿಪಾಲರು ಕೆಟ್ಟವರಲ್ಲ, ಮೇಲಿನಿಂದ ಬರುವ ಪೇಪರಿಗೆ ಹೆದರುವವರು. ಅಟೆಂಡರಿಗೆ ಲಿಖಿತ ಆರ್ಡರ್ ಹೊರಟಿತು: ಪರೀಕ್ಷೆಯ ದಿನ ಬೆಳಗ್ಗೆ ಹತ್ತು ಗಂಟೆಯೊಳಗೆ ಮೂವತ್ತಾರು ಕಪ್ಪೆಗಳ ಪ್ರಜ್ಞೆ ತಪ್ಪಿಸಿ, ಪಿನ್ ಚುಚ್ಚಿ, ಟ್ರೇಗಳಲ್ಲಿ ಸಿದ್ಧಪಡಿಸತಕ್ಕದ್ದು. ತಪ್ಪಿದರೆ ಶಿಸ್ತುಕ್ರಮ. ಅವರು ಆರ್ಡರನ್ನು ಎರಡು ಸಲ ಓದಿಸಿಕೊಂಡು, ಪಡೆದಿದ್ದೇನೆ ಎಂದು ಸಹಿ ಹಾಕಿದರು.

ಕೆರೆಯಲ್ಲಿ ಕಪ್ಪೆ ಹಿಡಿಯುವವನು ಹಿಂದಿನ ಮಧ್ಯಾಹ್ನವೇ ತಂದು ಹಿತ್ತಲಿನ ಸಿಮೆಂಟು ತೊಟ್ಟಿಗೆ ಬಿಟ್ಟುಹೋದ. ತಂತಿ ಬಲೆಯ ಮುಚ್ಚಳ, ಅದರ ಮೇಲೆ ನಾಲ್ಕು ಕಲ್ಲು. ಮಾರನೆಯ ದಿನ ಬೆಳಗ್ಗೆ ಒಂಬತ್ತಕ್ಕೆ ನಾನು ಹೋಗಿ ನೋಡಿದರೆ ಮುಚ್ಚಳ ಗೋಡೆಗೆ ಒರಗಿತ್ತು. ತೊಟ್ಟಿಯಲ್ಲಿ ತಿಳಿನೀರು. ಕಪ್ಪೆ ಒಂದೂ ಇಲ್ಲ.

ಎಕ್ಸಾಮಿನರ್ ಕೂಗಾಡಿ, ಕಪ್ಪೆ ಭಾಗವನ್ನು ಮಾರನೆಯ ದಿನಕ್ಕೆ ಮುಂದೂಡಿದರು. ಬೇರೆ ಕಪ್ಪೆಗಳನ್ನು ತರಲು ಆಳು ಓಡಿದ. ನಮ್ಮನ್ನೆಲ್ಲ ಪ್ರಿನ್ಸಿಪಾಲರ ಕೋಣೆಗೆ ಕರೆದರು.

ನಡೆದದ್ದು ಏನೆಂದು ನನಗೆ ಕೇಳದೆಯೇ ಗೊತ್ತಿತ್ತು. ಕಾರಿಡಾರಿನಲ್ಲೇ ನಿಂತು ಅರ್ಧ ಹಾಳೆಯ ಮೇಲೆ ಇಂಗ್ಲಿಷಿನಲ್ಲಿ ಸ್ಟೇಟ್‌ಮೆಂಟ್ ಬರೆದೆ. ತೊಟ್ಟಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ, ಕಪ್ಪೆಗಳು ತಾವಾಗಿಯೇ ತಪ್ಪಿಸಿಕೊಂಡಂತೆ ಕಾಣುತ್ತದೆ ಎಂದು. ಚೆಂದದ ಇಂಗ್ಲಿಷು. ಒಬ್ಬರ ಅನ್ನ ಉಳಿಸಲು ಒಂದು ವೈಟ್ ಲೈ. ಸಿಸ್ಟರ್‌ಗಳ ಲೆಕ್ಕದಲ್ಲಿ ಅದು ಚಿಕ್ಕ ಪಾಪ, ಕ್ಷಮೆಯಿದೆ.

ಪ್ರಿನ್ಸಿಪಾಲರು ಅದನ್ನು ಓದಿ ನಿಟ್ಟುಸಿರು ಬಿಟ್ಟರು. ಬಾಗಿಲ ಬಳಿ ನಿಂತಿದ್ದ ಅಟೆಂಡರಿಗೆ ಕನ್ನಡದಲ್ಲಿ ಹೇಳಿದರು. "ಮುಚ್ಚಳ ಸಡಿಲ ಇತ್ತಂತೆ. ಆಯ್ತು, ಇನ್ಮೇಲೆ ನೋಡ್ಕೋ. ಹೋಗು."

ಅವರು ಹೋಗಲಿಲ್ಲ.

"ಸಡ್ಲ ಇರ್ಲಿಲ್ಲ ಸಾರ್. ಕಲ್ಲು ನಾನೇ ಇಳ್ಸಿದ್ದು. ವರ್ಸೆಗೆ ಇಟ್ಟಿದೀನಿ, ನೋಡ್ಬೈದು. ಕಪ್ಪೇನ ಕೊಡದಲ್ಲಿ ತಗೊಂಡೋಗಿ ಕೆರೆಗೆ ಬುಟ್ಟೆ."

ಪ್ರಿನ್ಸಿಪಾಲರ ಕೈಯಲ್ಲಿದ್ದ ಹಾಳೆ ಹಾಗೇ ನಿಂತಿತು. ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ.

"ಲೋ, ಮೇಡಂ ನಿನ್ನ ಉಳಿಸೋಕೆ ಬರೆದಿರೋದು ಕಣೋ ಇದು. ಅಷ್ಟೂ ತಿಳಿಯಲ್ವಾ?"

"ತಿಳೀತು ಸಾರ್. ಉಳ್ಸೋದು ಬ್ಯಾಡ."

ಹೆಡ್ ಕ್ಲರ್ಕ್ ಟೈಪ್‌ರೈಟರಿಗೆ ಹಾಳೆ ತುರುಕುತ್ತ ಮಧ್ಯೆ ಬಾಯಿ ಹಾಕಿದರು. ಅವರಿಗೂ ಇವರ ಮೇಲೆ ಪ್ರೀತಿಯೇ. "ಕರ್ತವ್ಯದಲ್ಲಿ ಅಸಡ್ಡೆ ಅಂತ ಹಾಕ್ಬುಡಾಣ ಸಾರ್. ಒಂದು ವಾರ್ನಿಂಗಲ್ಲಿ ಮುಗಿದೋಯ್ತದೆ. ಸುಮ್ನೆ ಹೂಂ ಅನ್ನಪ್ಪ ನೀನು."

"ಅಸಡ್ಡೆ ಎಂಗಾಯ್ತದೆ ಅಣ್ಣ? ಎಣಿಸ್ಕಂಡು ಬುಟ್ಟಿದೀನಿ. ಮೂವತ್ತಾರು."

ಕ್ಲರ್ಕ್ ಹಣೆ ಹಣೆ ಚಚ್ಚಿಕೊಂಡರು. ಪ್ರಿನ್ಸಿಪಾಲರಿಗೆ ಈಗ ನಿಜವಾಗಿ ಸಿಟ್ಟು ಬಂತು. "ಹಾಗಾದರೆ ಏನಂತ ಬರೆಯೋಣ ಹೇಳು. ನೀನೇ ಹೇಳು."

"ಬುಟ್ಟಿದ್ದು ತಪ್ಪು ಅಂತ ಬರೀಬ್ಯಾಡಿ ಸಾರ್, ಅದು ತಪ್ಪಲ್ಲ. ಆದ್ರೆ ಕಪ್ಪೆ ಕಾಲೇಜಿಂದು. ಯಾರೂ ನಂಗೆ ಕೊಟ್ಟಿರ್ಲಿಲ್ಲ. ಕೊಡದೇ ಇದ್ದಿದ್ದ ತಗೊಂಡಿದೀನಿ. ಅದು ಕಳ್ತನ. ಅದ್ನ ಬರ್ಕಳಿ, ಸೈನ್ ಹಾಕ್ತೀನಿ."

ಅಸಡ್ಡೆಗೆ ವಾರ್ನಿಂಗ್, ಕಳ್ಳತನಕ್ಕೆ ಡಿಸ್‌ಮಿಸ್. ಕೆಲಸವೂ ಹೋಗುತ್ತದೆ, ಪೆನ್ಶನ್ನೂ ಹೋಗುತ್ತದೆ. ಇದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಹದಿನೆಂಟು ವರ್ಷ ಆ ಆಫೀಸಿನ ಫೈಲು ಹೊತ್ತವರು.

ನಾನು ತಡೆಯಲಾರದೆ ಇಂಗ್ಲಿಷಿನಲ್ಲೇ ಕೂಗಿದೆ. ಆಮೇಲೆ ಕನ್ನಡದಲ್ಲಿ: "ನಿಮಗೆ ಇಬ್ಬರು ಹೆಣ್ಣುಮಕ್ಕಳಿದಾರೆ. ಜ್ಞಾಪಕ ಇದೆಯಾ?"

"ಅದ್ಕೇ ಮೇಡಂ" ಎಂದರು. "ನಾಳೆ ಅವು ಕೇಳ್ತವೆ."

ಸಸ್ಪೆಂಡ್ ಆದರು. ಬೆಂಗಳೂರಿನಿಂದ ಎನ್ಕ್ವೈರಿ ಆಫೀಸರ್ ಬರುವವರೆಗೆ ಕಾಲೇಜಿಗೆ ಕಾಲಿಡಬಾರದು ಎಂದು ಆರ್ಡರ್. ಮಾರನೆಯ ದಿನ ಬೇರೆ ಮೂವತ್ತಾರು ಕಪ್ಪೆ ಬಂದವು, ನಾನೇ ಕ್ಲೋರೋಫಾರ್ಮ್ ಕೊಟ್ಟೆ, ಪರೀಕ್ಷೆ ಮುಗಿಯಿತು. ಹಿಂದಿನ ಮೆಟ್ಟಿಲು ಖಾಲಿಯಿತ್ತು.

ಆ ವಾರ ಅವರ ಮನೆಗೆ ಹೋದೆ. ಗಂಡ ಹೆಂಡತಿ ಶ್ರವಣಬೆಳಗೊಳಕ್ಕೆ ಹೊರಡುವ ತಯಾರಿಯಲ್ಲಿದ್ದರು. ಇಂಥ ಹೊತ್ತಿನಲ್ಲಿ ತೀರ್ಥಯಾತ್ರೆಯೇ ಎಂದೆ.

"ರಜ ಕೊಟ್ಟವ್ರಲ್ಲಾ" ಎಂದರು. "ನೀವೂ ಬನ್ನಿ ಮೇಡಂ. ಬರೀ ಸೈನ್ಸ್ ಓದಿದೀರಿ."

ಹೋದೆ. ಯಾಕೆ ಹೋದೆನೋ. ಬಹುಶಃ ಅವರನ್ನು ಬಗ್ಗಿಸಲು ಇನ್ನೊಂದು ಸಲ ನೋಡೋಣ ಎಂದು. ತಿಪಟೂರಿಗೆ ಹೋಗಿ ಬಸ್ಸು ಹಿಡಿದು, ನುಗ್ಗೇಹಳ್ಳಿ ದಾಟಿ, ಚನ್ನರಾಯಪಟ್ಟಣದಲ್ಲಿ ಬದಲಾಯಿಸಿ ಬೆಳಗೊಳ ತಲುಪುವ ಹೊತ್ತಿಗೆ ಬಂಡೆ ಕಾದಿತ್ತು. ಹಿಂದಿನ ವರ್ಷವಷ್ಟೇ ಮಹಾಮಸ್ತಕಾಭಿಷೇಕಕ್ಕೆ ಲೋಕವೆಲ್ಲ ಅಲ್ಲಿಗೆ ಬಂದಿತ್ತು. ಇವರು ಹೋಗಿರಲಿಲ್ಲ. ಅಷ್ಟು ಜನರ ಕಾಲಡಿಯ ಇರುವೆಗಳ ಕಥೆ ಏನು ಎಂದು ಮನೆಯಲ್ಲೇ ಉಳಿದಿದ್ದರಂತೆ. "ಈಗ ಅವೂ ವಾಪಸ್ ಬಂದಿರ್ತವೆ" ಎಂದು ಬಸ್ಸಿನಲ್ಲಿ ಹೇಳಿದರು. ನಿತ್ತೂರಿನ ಬಸದಿಗೆ ತಿಂಗಳಿಗೊಮ್ಮೆ, ಬೆಳಗೊಳಕ್ಕೆ ವರ್ಷಕ್ಕೊಮ್ಮೆ. ಮೂಡಬಿದಿರೆ, ಕಾರ್ಕಳ ನೋಡಿದ್ದಾಗಿತ್ತು. ಉತ್ತರದ ಸಮ್ಮೇದ ಶಿಖರ್ಜಿ ಬೆಟ್ಟಕ್ಕೆ ಒಂದು ಸಲ ಹೋಗಬೇಕೆಂಬ ಆಸೆ. ಅಷ್ಟು ದೂರದ ರೈಲಿನಲ್ಲಿ ಸೂರ್ಯ ಮುಳುಗುವ ಮುಂಚೆ ತಕ್ಕ ಊಟ ಎಲ್ಲಿ ಸಿಕ್ಕೀತು ಎಂಬುದೊಂದೇ ಚಿಂತೆ.

ಆರುನೂರು ಚಿಲ್ಲರೆ ಮೆಟ್ಟಿಲು, ಬರಿಗಾಲು. ನಾನು ಇಪ್ಪತ್ತು ಮೆಟ್ಟಿಲಿಗೊಮ್ಮೆ ಕೂರುತ್ತಿದ್ದೆ. ನಾನು ಕೂರುವ ಮುಂಚೆ ಅವರು ಟವೆಲಿನ ತುದಿಯಲ್ಲಿ ಬಂಡೆ ಸವರುವರು. ಧೂಳಿಗಲ್ಲ ಎಂದು ನನಗೆ ಗೊತ್ತಿತ್ತು. ಅವರ ಹೆಂಡತಿ ಮುಂದೆ ಮುಂದೆ ಹತ್ತಿಹೋದರು. "ಇವ್ರ ಜೊತೆ ಹತ್ತಿದ್ರೆ ನಾಳೆ ಸೇರ್ತೀವಿ ಕಣ್ರಮ್ಮ" ಎಂದರು.

ಮೇಲೆ ಗೊಮ್ಮಟನ ಪಾದದ ಬಳಿ ನಿಂತೆವು. ಎಲ್ಲರೂ ಅಲ್ಲಿ ಮುಖ ನೋಡುತ್ತಾರೆ. ಇವರು ಕಾಲು ನೋಡುತ್ತಿದ್ದರು. ಎರಡೂ ಕಡೆ ಕಲ್ಲಿನ ಹುತ್ತ, ಹುತ್ತದಿಂದ ತಲೆ ಹಾಕಿದ ಹಾವು, ತೊಡೆಗೆ ಹಬ್ಬಿದ ಬಳ್ಳಿ.

"ನೋಡಿ ಮೇಡಂ. ಕಾಲ್ ಸುತ್ತ ಹುತ್ತ ಬೆಳೀತು, ಸ್ವಾಮಿ ಕಾಲು ಒದರ್ಲಿಲ್ಲ. ಬಳ್ಳಿ ಹಬ್ತು, ಕಿತ್ತಾಕ್ಲಿಲ್ಲ. ಒಂದು ವರ್ಷ ನಿಂತ್ರು. ನಂಗೆ ಪ್ರಿನ್ಸಿಪಾಲ್ರ ಮುಂದೆ ಅರ್ಧ ಗಂಟೆ ನಿಂತ್ಕೊಳೋ ಅಂದ್ರು, ಅಷ್ಟೇ ತಾನೇ."

ನಾನು ನನ್ನ ಬಾಣ ಬಿಟ್ಟೆ. "ನೀವು ಮೂವತ್ತಾರು ಬಿಟ್ಟಿರಿ. ಮಾರನೇ ದಿನ ಬೇರೆ ಮೂವತ್ತಾರು ಸತ್ತವು. ಲೆಕ್ಕ ಅಲ್ಲಿಗೇ ಬಂತು. ಏನು ಸಾಧಿಸಿದ ಹಾಗಾಯ್ತು?"

ಅವರ ಮುಖದಲ್ಲಿ ನೋವು ಕಾಣಿಸಿತು. ಅದು ಅವರು ಯೋಚಿಸದ ಮಾತಲ್ಲ. "ಆ ಮೂವತ್ತಾರು ನನ್ ಕೈಗೆ ಸಿಗ್ಲಿಲ್ಲ ಮೇಡಂ. ಈ ಮೂವತ್ತಾರು ಸಿಕ್ಕಿದ್ವು."

ಇಲ್ಲಿಯವರೆಗೆ ನಾನು ಒಂದು ಮಾತನ್ನು ಬಿಟ್ಟು ಬರೆದಿದ್ದೇನೆ. ಆಗಲೂ ಬಿಟ್ಟಿದ್ದೆ, ನನ್ನ ಚೆಂದದ ಇಂಗ್ಲಿಷಿನ ಸ್ಟೇಟ್‌ಮೆಂಟಿನಲ್ಲಿ. ಪರೀಕ್ಷೆಯ ಹಿಂದಿನ ಸಂಜೆ ನಾನು ಟ್ರೇಗಳಿಗೆ ನಂಬರು ಅಂಟಿಸುತ್ತ ಹಿತ್ತಲ ಬಾಗಿಲಲ್ಲಿ ಕೂತಿದ್ದೆ. ಅವರು ತೊಟ್ಟಿಯ ನೀರು ಬದಲಾಯಿಸುತ್ತಿದ್ದರು. ನನ್ನ ಕಡೆ ತಿರುಗಿ, "ಮೇಡಂ, ಇವ್ನ ಬುಟ್ಬುಡಾನಾ?" ಎಂದು ಕೇಳಿದರು. ನಾನು ಕತ್ತೆತ್ತದೆ, "ನನಗೇನೂ ಕೇಳಿಸಲಿಲ್ಲ" ಎಂದೆ. ಬೇಡ ಅನ್ನಲಿಲ್ಲ. ಮಾಡಿ ಅನ್ನಲಿಲ್ಲ. ಬಿಟ್ಟರೆ ಬಿಡಲಿ, ನನಗೆ ಗೊತ್ತಿಲ್ಲದ ಹಾಗಿರಲಿ ಎಂಬ ಜಾಣತನ. ಕಪ್ಪೆಗಳು ಬದುಕಿದರೆ ನನಗೂ ಸಂತೋಷವೇ, ಪೇಪರು ಬಂದರೆ ಅವರ ಹೆಸರಿಗೆ ಬರಲಿ. ಅದಕ್ಕೇ ಮಾರನೆಯ ದಿನ ಅಷ್ಟು ಅವಸರವಾಗಿ ಸುಳ್ಳು ಬರೆದದ್ದು. ಅವರನ್ನು ಉಳಿಸಲು ಎಂದು ಇಷ್ಟು ಹೊತ್ತು ಹೇಳಿದೆನಲ್ಲ, ಅದು ಅರ್ಧ ನಿಜ.

ಗೊಮ್ಮಟನ ಕಾಲ ಬಳಿ ಅದನ್ನು ಕೇಳಿದೆ. "ನನ್ನ ಕೇಳಿದ್ದಿರಿ ಅಂತ ಪ್ರಿನ್ಸಿಪಾಲರಿಗೆ ಯಾಕೆ ಹೇಳಲಿಲ್ಲ?"

"ಅವ್ರು ಅದ್ನ ಕೇಳ್ಲಿಲ್ಲ. ನೀವೂ ಕೊಡ್ಲಿಲ್ಲ. ನಾನು ತಗೊಂಡಿದ್ದು ತಗೊಂಡಿದ್ದೇ."

"ಎನ್ಕ್ವೈರಿಯಲ್ಲಿ ಕೇಳಿದರೆ?"

"ಕೇಳಿದ್ರೆ ಹೇಳ್ತೀನಿ ಮೇಡಂ. ಸುಳ್ಳು ಹೇಳಕಾಗಲ್ಲ" ಎಂದು ಟವೆಲು ಹೆಗಲಿಗೆ ಹಾಕಿಕೊಂಡು, "ನಾನಾಗಿ ಹೇಳಲ್ಲ. ಅದು ನಿಮ್ಮ ಬಾಯಲ್ಲಿರೋ ಮಾತು" ಎಂದರು. ಬೆದರಿಕೆಯಿಲ್ಲ, ಚುಚ್ಚುಮಾತೂ ಇಲ್ಲ. ಮರೆತುಹೋದ ಕೊಡೆಯನ್ನು ಇದು ನಿಮ್ಮದಲ್ಲವೇ ಎಂದು ಕೈಗೆ ಕೊಟ್ಟ ಹಾಗಿತ್ತು.

ಇಳಿಯುವಾಗ ನಾನು ಎಲ್ಲೂ ಕೂರಲಿಲ್ಲ.

ಎನ್ಕ್ವೈರಿ ಆಫೀಸರ್ ಬಂದದ್ದು ಬೇಸಿಗೆ ರಜೆ ಮುಗಿಯುವ ಮುಂಚೆ. ಸಫಾರಿ ಸೂಟು, ಎಳನೀರು ಕುಡಿದು ಕರವಸ್ತ್ರದಲ್ಲಿ ಬಾಯಿ ಒತ್ತಿಕೊಳ್ಳುವ ನಯ. ಅಟೆಂಡರ್ ಮೊದಲಿನಂತೆಯೇ ಬಾಗಿಲ ಬಳಿ ನಿಂತಿದ್ದರು. ಆಫೀಸರ್ ನನ್ನ ಹಳೆಯ ಸ್ಟೇಟ್‌ಮೆಂಟನ್ನು ಮುಂದಿಟ್ಟು, ಇದನ್ನು ಕನ್ಫರ್ಮ್ ಮಾಡುತ್ತೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಕನ್ನಡದಲ್ಲಿ ಉತ್ತರಿಸಿದೆ. ಬಾಗಿಲ ಬಳಿ ಇದ್ದವರಿಗೆ ತಿಳಿಯಬೇಕಿತ್ತು.

"ಇಲ್ಲ ಸರ್. ಇದು ಸುಳ್ಳು. ಕಪ್ಪೆಗಳು ನನ್ನ ಸುಪರ್ದಿನಲ್ಲಿದ್ದವು. ಬಿಡಲಾ ಅಂತ ಇವರು ನನ್ನನ್ನ ಹಿಂದಿನ ಸಂಜೆ ಕೇಳಿದರು. ಬೇಡ ಅನ್ನೋ ಅಧಿಕಾರ ನನಗಿತ್ತು. ನಾನು ಅನ್ನಲಿಲ್ಲ."

"ನಿಮಗೆ ಸರಿಯಾಗಿ ಕೇಳಿಸಿತಾ? ಯೋಚಿಸಿ ಹೇಳಿ" ಎಂದರು ಆಫೀಸರ್. ದಾರಿ ತೆರೆದು ಕೊಡುತ್ತಿದ್ದರು, ಪಾಪ.

"ಕೇಳಿಸಿತು ಸರ್. ಚೆನ್ನಾಗಿ ಕೇಳಿಸಿತು."

ಹೆಡ್ ಕ್ಲರ್ಕ್ ಟೈಪ್ ಮಾಡುವುದನ್ನು ನಿಲ್ಲಿಸಿ, "ಈವಮ್ಮಂಗೂ ಹತ್ಕೊಂತಲ್ಲಪ್ಪಾ" ಎಂದು ಗೊಣಗಿದರು.

ಮೇಲಧಿಕಾರಿಯನ್ನು ಕೇಳಿ ಮಾಡಿದ ಕೆಲಸ ಕಳ್ಳತನವಾಗುವುದಿಲ್ಲ ಎಂದು ಆಫೀಸರ್ ಬರೆದುಕೊಂಡರು. ಅಟೆಂಡರ್ ಅದಕ್ಕೂ ತಕರಾರು ತೆಗೆಯಲು ಬಾಯಿ ತೆರೆದರು. ನಾನು ತಿರುಗಿ, "ದಯವಿಟ್ಟು. ಇದು ನನ್ನ ಬಾಯಲ್ಲಿದ್ದ ಮಾತು" ಎಂದೆ. ಬಾಯಿ ಮುಚ್ಚಿದರು. ತಕರಾರು ಬಿಟ್ಟು ಅವರು ಸುಮ್ಮನಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆರ್ಡರ್ ಪಾಲಿಸದಿದ್ದಕ್ಕೆ ಅವರಿಗೆ ಒಂದು ಛೀಮಾರಿ, ಲ್ಯಾಬಿನಿಂದ ಲೈಬ್ರರಿಗೆ ವರ್ಗ. ಪುಸ್ತಕದ ಹುಳುಗಳ ಜೊತೆ ಅವರು ಹೇಗೆ ಒಪ್ಪಂದ ಮಾಡಿಕೊಂಡರೋ, ಅದನ್ನು ಬರೆಯಲು ಇನ್ನೊಂದು ಲೇಖನ ಬೇಕು. ನನಗೆ ಕಾನ್ಫಿಡೆನ್ಶಿಯಲ್ ರಿಪೋರ್ಟಿನಲ್ಲಿ ಒಂದು ಸಾಲು: ಈಕೆಯ ಹೇಳಿಕೆಗಳನ್ನು ನಂಬಲಾಗದು. ಜೀವನದಲ್ಲಿ ಮೊದಲ ಸಲ ಪೂರ್ತಿ ನಿಜ ಹೇಳಿದ್ದಕ್ಕೆ ಸಿಕ್ಕ ಸರ್ಟಿಫಿಕೇಟು. ಮುಂದಿನ ವರ್ಷ ನನ್ನನ್ನು ದೂರದ ಊರಿಗೆ ಹಾಕಿದರು. ನನ್ನ ನಂತರ ಸೇರಿದವರೆಲ್ಲ ನನ್ನ ಮುಂದೆ ಹೋದರು.

ನನ್ನ ತಂಗಿ ಈಗಲೂ ಫೋನಿನಲ್ಲಿ ಹೇಳುತ್ತಾಳೆ, "ಒಬ್ಬ ಪ್ಯೂನ್‌ಗೋಸ್ಕರ ಕೆರಿಯರ್ ಹಾಳು ಮಾಡ್ಕೊಂಡೆ ಕಣೇ" ಎಂದು. ಹಾಳಾಗಿದ್ದರೆ ಹಾಳಾಗಲಿ ಎನ್ನುತ್ತೇನೆ. ಅದು ನನ್ನದು. ಹೇಗೆ ಬೇಕಾದರೂ ಹಾಳು ಮಾಡಿಕೊಳ್ಳುವ ಹಕ್ಕು ನನಗಿತ್ತು.

ಆ ಮೇಲೆ ನಾನು ಕಪ್ಪೆ ಕೊಯ್ಯುವುದನ್ನು ಬಿಟ್ಟೆ ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ಬಿಡಲಿಲ್ಲ. ಸಿಲೆಬಸ್ಸಿನಲ್ಲಿತ್ತು, ಹೊಸ ಊರು, ಕಪ್ಪು ಚುಕ್ಕೆ ಬಿದ್ದ ಫೈಲು. ಇನ್ನೂ ಐದಾರು ವರ್ಷ ಕೊಯ್ದೆ, ಕೊಯ್ಯಿಸಿದೆ. ಪ್ರತಿ ಸಲವೂ ಹಿಂದಿನ ಬಾಗಿಲನ್ನು ಮುಚ್ಚಿಸುತ್ತಿದ್ದೆ.

ಎಂಬತ್ತರ ದಶಕದ ಕೊನೆಗೆ, ಅಲ್ಲಿನ ಪ್ರಿನ್ಸಿಪಾಲರು ರಜೆಯಲ್ಲಿದ್ದಾಗ ನನ್ನನ್ನು ಇನ್‌ಚಾರ್ಜ್ ಮಾಡಿದರು. ಆ ವಾರವೇ ಬಯಾಲಜಿಯ ಹೊಸ ಲೆಕ್ಚರರ್ ಕಪ್ಪೆ ತರಿಸುವ ಇಂಡೆಂಟ್ ಫಾರಂ ತಂದು ಮೇಜಿನ ಮೇಲಿಟ್ಟ. ನಲವತ್ತು ಕಪ್ಪೆ. ಕೆಳಗೆ ನನ್ನ ಸಹಿಗೆ ಗೆರೆ. ಪೆನ್ ಕ್ಯಾಪ್ ತೆಗೆದೆ. ಗೆರೆಯ ಮೇಲೆ "ಐ ವಿಲ್ ನಾಟ್ ಸೈನ್ ದಿಸ್" ಎಂದು ಬರೆದು, ಅದರ ಕೆಳಗೆ ಸಹಿ ಮಾಡಿ ವಾಪಸ್ ಕೊಟ್ಟೆ. ಹುಡುಗ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

ಅದೇ ದಿನಗಳಲ್ಲಿ ಅಟೆಂಡರ ದೊಡ್ಡ ಮಗಳಿಂದ ಕಾರ್ಡ್ ಬಂತು. ಅಪ್ಪನಿಗೆ ಎದೆಯ ಕಾಯಿಲೆ ಜಾಸ್ತಿಯಾಗಿದೆ, ನಿಮ್ಮನ್ನು ಕೇಳುತ್ತಿರುತ್ತಾರೆ. ಮಾರನೆಯ ಬೆಳಗ್ಗೆಯೇ ಹೊರಟೆ.

ಜಗಲಿಯ ಮೇಲೆ ಚಾಪೆ ಹಾಸಿ ಮಲಗಿಸಿದ್ದರು. ಬಹಳ ಸಣ್ಣಗಾಗಿದ್ದರು. ಶಿಖರ್ಜಿಗೆ ಹೋಗಿ ಬಂದಿರಾ ಎಂದೆ. ಇಲ್ಲ ಎಂದು ಕೈಯಾಡಿಸಿದರು. ನಾನು ಇಂಡೆಂಟಿನ ಕಥೆ ಹೇಳಿದೆ. ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು.

"ಸೈನ್ ಮಾಡ್ಲಿಲ್ವಾ?"

"ಇಲ್ಲ."

"ಯಾಕೆ ಮಾಡಲ್ಲ ಅಂತ ಕಾರಣ ಬರೆದ್ರಾ?"

"ಬರೆದೆ. ನಾನು ಸೈನ್ ಮಾಡಲ್ಲ ಅಂತ."

ಅವರು ಕಣ್ಣು ತೆರೆದರು. "ಅದು ಕಾರಣ ಅಲ್ಲ ಕಣ್ರಮ್ಮ. ಹಟ."

ಅವರಿಗೇ ನಗು ಬಂತು, ನಗುವಿನ ಹಿಂದೆ ಕೆಮ್ಮು. ಅವರ ಹೆಂಡತಿ ಬೆನ್ನು ಸವರುತ್ತ, "ಯಾರಿಂದ ಕಲ್ತ್ರೋ ಕಾಣೆ" ಎಂದರು.

ಕೆಮ್ಮು ನಿಂತ ಮೇಲೆ ಅವರು ಮೆಲ್ಲಗೆ ಹೇಳಿದರು. "ಮೇಲ್ನೋರ ಕೈಲಿ ಸೈನ್ ಹಾಕಿಸ್ಕತಾರೆ ಮೇಡಂ. ಕಪ್ಪೆ ಬಂದೇ ಬತ್ತವೆ. ಬೇಜಾರು ಮಾಡ್ಕಬ್ಯಾಡಿ."

"ನನಗೆ ಗೊತ್ತು."

"ಗೊತ್ತಿದ್ದೂ ಮಾಡ್ಲಿಲ್ವಾ?"

"ಗೊತ್ತಿದ್ದೂ ಮಾಡಲಿಲ್ಲ."

"ಸರಿ ಬುಡಿ" ಎಂದು ಗೋಡೆಯ ಕಡೆ ಹೊರಳಿದರು. ಹತ್ತು ದಿನದ ಮೇಲೆ ಹೋದರು, ಮಧ್ಯಾಹ್ನ, ಊಟವಾದ ಮೇಲೆ. ಸುದ್ದಿ ನನಗೆ ತಡವಾಗಿ ತಲುಪಿತು.

ಅವರು ಹೇಳಿದ ಹಾಗೇ ಆಯಿತು. ಇಂಡೆಂಟ್ ಬೆಂಗಳೂರಿಗೆ ಹೋಗಿ, ಯಾರೋ ಸಹಿ ಮಾಡಿ, ನನಗೊಂದು ಮೆಮೋ ಜೊತೆ ವಾಪಸ್ ಬಂತು. ಅಷ್ಟಕ್ಕೆ ಹನ್ನೆರಡು ದಿನ ಹಿಡಿಯಿತು. ಈಗ ಕಾಲೇಜುಗಳಲ್ಲಿ ಕಪ್ಪೆ ಕೊಯ್ಯುವುದಿಲ್ಲವಂತೆ, ಕಂಪ್ಯೂಟರಿನಲ್ಲಿ ತೋರಿಸುತ್ತಾರಂತೆ. ಅದಕ್ಕೂ ನನಗೂ ಸಂಬಂಧವಿಲ್ಲ. ಮೂವತ್ತು ವರ್ಷದ ಸರ್ವೀಸಿನಲ್ಲಿ ನೀನು ಮಾಡಿದ್ದೇನು ಎಂದು ಕೇಳಿದರೆ ನಾನು ಆ ಹನ್ನೆರಡು ದಿನಗಳನ್ನು ತೋರಿಸುತ್ತೇನೆ. ಅಷ್ಟು ದಿನ ಆ ನಲವತ್ತು ಕಪ್ಪೆಗಳು ಕೆರೆಯಲ್ಲೇ ಇದ್ದವು.